ಜೇನುಗುಟ್ಟೆಗೆ ನಕ್ಷೆ ಬರೆದ ಮಳೆಗಾಲ

ಕಳೆದ ವಾರ ಅನುಗೊಂಡನಹಳ್ಳಿಯ ಕಚೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಎದುರಿಗಿದ್ದ ಸಹೋದ್ಯೋಗಿ ಡಬ್ಬಿ ತೆಗೆದರು. ಮೊಸರನ್ನದ ಪಕ್ಕದಲ್ಲಿ ಒಂದಿಷ್ಟು ಮಾಕಳಿ ಬೇರಿನ ಉಪ್ಪಿನಕಾಯಿ. ಅದರ ವಾಸನೆ ತಿಳಿಯದವರಿಗೆ ಹೇಳಿ ತಿಳಿಸುವುದು ಕಷ್ಟ. ಕೆಲವರು ತಿಗಣೆ ವಾಸನೆ ಅಂತ ಮೂಗು ಮುಚ್ಚಿಕೊಳ್ಳುತ್ತಾರೆ, ಕೆಲವರಿಗೆ ಐಸ್‌ಕ್ರೀಂ ನೆನಪಾಗುತ್ತದಂತೆ. ಪಕ್ಕದವರು ಎದ್ದು ಕಿಟಕಿ ತೆಗೆದರು. ನಾನು ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟೆ. ವಾಸನೆ ಆಗೋದಿಲ್ಲವೇನೋ ಅಂತ ಅವರು ಡಬ್ಬಿ ಮುಚ್ಚಲು ಹೋದರು. ಆಗುತ್ತೆ, ನನಗೂ ಎರಡು ಚೂರು ಕೊಡಿ ಅಂದೆ. ಬಾಯಿಗೆ ಇಟ್ಟುಕೊಂಡ ಕೂಡಲೇ ಅಂಗಾಲಿಗೆ ಒದ್ದೆ ಬಂಡೆ ತಾಗಿದ ಹಾಗಾಯಿತು.

ಮೂರು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ತಾರು. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಅಬ್ಬಾನ ಎರಡು ಪವರ್‌ಲೂಮು, ಹಿಂದಿನ ಕೋಣೆಗಳಲ್ಲಿ ನಾವು. ಮಗ್ಗದ ಸದ್ದಿನಲ್ಲೇ ಓದಿ ಬಿ.ಎ. ಮುಗಿಸಿದವಳು ನಾನು, ಅದಕ್ಕೇ ಇವತ್ತಿಗೂ ಸ್ವಲ್ಪ ಜೋರಾಗಿಯೇ ಮಾತಾಡ್ತೀನಿ. ಘಾಟಿ ಸುಬ್ರಹ್ಮಣ್ಯದಿಂದ ಆಚೆ, ಬೆಟ್ಟಸಾಲಿನ ಬುಡದ ಒಂದು ಪಂಚಾಯಿತಿಯಲ್ಲಿ ನನಗೆ ಕಂಪ್ಯೂಟರ್ ಆಪರೇಟರ್ ಕೆಲಸ, ಗುತ್ತಿಗೆ ಮೇಲೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆಯವರೆಗೆ ಖಾತೆ, ಕಂದಾಯ, ಉದ್ಯೋಗ ಖಾತ್ರಿಯ ಹಾಜರಿ ಟೈಪು ಮಾಡುವುದು, ಮತ್ತೆ ಬಸ್ಸು. ನನ್ನ ಕಿಟಕಿಗೆ ಸರಿಯಾಗಿ ಒಂದು ಬೆಟ್ಟ ಕಾಣುತ್ತಿತ್ತು. ಜೇನುಗುಟ್ಟೆ ಅನ್ನುತ್ತಿದ್ದರು. ಒಂದು ವರ್ಷ ಅದನ್ನು ನೋಡಿಕೊಂಡೇ ಕೆಲಸ ಮಾಡಿದ್ದೆ, ಹತ್ತಿರಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ರತ್ನ ಬಂದಳು. ಬೆಟ್ಟದ ಬುಡದಲ್ಲಿರುವ ಇರುಳಿಗರ ಕಾಲೋನಿಯವಳು, ನನ್ನದೇ ವಯಸ್ಸು. ಇರುಳಿಗರೆಂದರೆ ಈ ಬೆಟ್ಟಗಳ ಮೂಲದ ಜನ. ಅವರ ಹಿರಿಯರು ಗುಟ್ಟೆಯ ಮೇಲೆಯೇ ಬದುಕಿದವರು. ಯಾವಾಗಲೋ ಒಮ್ಮೆ ಕೆಳಕ್ಕೆ ಇಳಿಸಿ ಶೀಟಿನ ಮನೆ ಕೊಟ್ಟಿದ್ದರು. ಮನೆ ಕೆಳಗೆ ಬಂದರೂ ಬದುಕು ಬೆಟ್ಟದ್ದೇ ಆಗಿತ್ತು. ಜೇನು, ಅಂಟುವಾಳ, ಸೀಗೆ, ಮಾಕಳಿ ಬೇರು, ದನಕ್ಕೆ ಹುಲ್ಲು, ಸತ್ತವರಿಗೆ ಮಣ್ಣು, ಎಲ್ಲಕ್ಕೂ ಮೇಲೆ ಹತ್ತಬೇಕು.

ರತ್ನ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಬೆಟ್ಟದ ಮೇಲೆ ತಮಗಿರುವ ಹಕ್ಕನ್ನು ಮಾನ್ಯ ಮಾಡಿ ಅಂತ ಕಾಲೋನಿಯವರು ಅರಣ್ಯ ಹಕ್ಕು ಕಾಯ್ದೆಯಡಿ ಹಿಂದೊಮ್ಮೆ ಅರ್ಜಿ ಹಾಕಿದ್ದರು. ಅದು ತಿರುಗಿ ಬಂದಿತ್ತು. ಕಾರಣ ಒಂದೇ ಸಾಲು: ಸಾಕ್ಷ್ಯ ಸಾಲದು. ಅದನ್ನು ಮಡಚಿ ಸೂರಿನಲ್ಲಿ ಸಿಕ್ಕಿಸಿಟ್ಟು ಸುಮ್ಮನಾಗಿದ್ದರು. ಈಗ ಸುಮ್ಮನಿರುವ ಹಾಗಿರಲಿಲ್ಲ. ಹಿಂದಿನ ವಾರ ಯಾರೋ ಬಂದು ಗುಟ್ಟೆಯ ಪಡುವಣ ಇಳಿಜಾರಿನ ಸುತ್ತ ಸುಣ್ಣದ ಗೆರೆ ಎಳೆದು ಹೋಗಿದ್ದರು. ಬೆಂಗಳೂರಿನ ಯಾವುದೋ ಕಂಪನಿ ಅಲ್ಲಿ ಗಿಡ ನೆಡುತ್ತದಂತೆ. ಅದು ಬಿಡುವ ಹೊಗೆಗೆ ಲೆಕ್ಕ ಸರಿಹೋಗಬೇಕಾದರೆ ಎಲ್ಲಾದರೂ ಕಾಡು ಬೆಳೆಸಿ ತೋರಿಸಬೇಕಂತೆ. ಸುತ್ತ ಕಂದಕ ತೋಡಿ ಬೇಲಿ ಹಾಕಿದರೆ ದನವೂ ಹೋಗುವಂತಿಲ್ಲ, ಜನವೂ ಹೋಗುವಂತಿಲ್ಲ.

ಬರೆಯೋಕೆ ಬರೋರು ಒಬ್ಬರು ಬೇಕು ಅಂದಳು ರತ್ನ. ನಮ್ಮ ಪಿಡಿಒ ಮೇಡಂ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. ಗ್ರಾಮಸಭೆಯ ಕಾಗದಪತ್ರ ಪಂಚಾಯಿತಿಯ ಕೆಲಸವೇ, ನಮ್ಮ ನಸೀಮಾ ಬರೆಯಲಿ ಅಂತ ನನ್ನ ಹೆಸರು ಹೇಳಿಬಿಟ್ಟರು. ಅದರ ಜೊತೆಗೆ ಬೀರುವಿನಿಂದ ಧೂಳು ಹಿಡಿದ ಒಂದು ಪುಸ್ತಕವನ್ನೂ ತೆಗೆದುಕೊಟ್ಟರು. ಅದು ಕನ್ನಡದಲ್ಲಿ ಅಚ್ಚಾದ ಆ ಕಾಯ್ದೆ ಮತ್ತು ಅದರ ನಿಯಮಗಳು.

ಆ ಪುಸ್ತಕವನ್ನು ಎರಡು ದಿನ ಪರೀಕ್ಷೆಗೆ ಓದುವ ಹಾಗೆ ಓದಿದೆ. ಭಾಷೆ ಬಿರುಸು, ಒಂದೊಂದು ವಾಕ್ಯವೂ ಅರ್ಧ ಪುಟ. ಆದರೆ ಮೂರನೇ ಸಲ ಓದುವಾಗ ಕೆಲವು ಸಾಲುಗಳು ಒಂದೊಂದಾಗಿ ಬಾಗಿಲು ತೆರೆದ ಹಾಗೆ ತೆರೆದುಕೊಂಡವು. ಇಡೀ ಪಂಚಾಯಿತಿಯ ಸಭೆಗೆ ಕಾಯಬೇಕಾಗಿಲ್ಲ, ಕಾಲೋನಿಯೇ ತನ್ನ ಗ್ರಾಮಸಭೆ ನಡೆಸಬಹುದು. ಸಾಕ್ಷ್ಯವೆಂದರೆ ಸರ್ಕಾರಿ ಕಾಗದವೇ ಆಗಬೇಕಿಲ್ಲ. ಗೋರಿ, ಬಾವಿ, ದೇವರ ಜಾಗ, ಹಳೇ ಮನೆಯ ಗುರುತು ಎಲ್ಲವೂ ಸಾಕ್ಷ್ಯ. ಹಿರಿಯರ ಹೇಳಿಕೆಯೂ ಸಾಕ್ಷ್ಯ, ಆದರೆ ಅರ್ಜಿ ಹಾಕಿದವರನ್ನು ಬಿಟ್ಟು ಬೇರೆ ಹಿರಿಯರದ್ದಾಗಬೇಕು. ಹಳೇ ಅರ್ಜಿಯಲ್ಲಿ ಇದ್ದದ್ದು ಕಾಲೋನಿಯ ಮುದುಕರ ಹೇಳಿಕೆಗಳು ಮಾತ್ರ. ತಪ್ಪು ಎಲ್ಲಿ ಅಂತ ಸಿಕ್ಕಿಬಿಟ್ಟಿತ್ತು. ಅವತ್ತು ಸಂಜೆ ಬಸ್ಸಿನಲ್ಲಿ ಸೀಟಿದ್ದರೂ ನನಗೆ ಕೂರಲಾಗಲಿಲ್ಲ, ನಿಂತುಕೊಂಡೇ ಊರಿಗೆ ಬಂದೆ.

ರೋಹಿಣಿ ಮಳೆ ಬಿದ್ದ ಮಾರನೇ ದಿನ ಮೊದಲ ಸಲ ಗುಟ್ಟೆ ಹತ್ತಿದ್ದು. ದಾರಿ ತೋರಿಸಲು ಬಂದವರು ರತ್ನಳ ಅತ್ತೆ ಮುನಿತಾಯಮ್ಮ. ಎಪ್ಪತ್ತು ದಾಟಿದ, ಒಣಗಿದ ಬಳ್ಳಿಯಂಥ ಹೆಂಗಸು, ಕೈಯಲ್ಲಿ ಒಂದು ಸಣ್ಣ ಹಾರೆ. ನಾನು ಹೊಸ ಸ್ಪೋರ್ಟ್ಸ್ ಶೂ ಹಾಕಿಕೊಂಡು ತಯಾರಾಗಿ ಬಂದಿದ್ದೆ. ಅವರು ಶೂ ನೋಡಿ ಮುಂದೆ ನಡೆದರು. ಮೊದಲನೇ ಬಂಡೆಯಲ್ಲೇ ನಾನು ಜಾರಿ ಮಂಡಿ ತರಚಿಕೊಂಡೆ. ಆಗ ಅಂದರು:

"ಬೂಟಿಗೆ ಬಂಡೆ ಗೊತ್ತಾಗಕಿಲ್ಲ ಮಗಾ. ಕಾಲಿಗೆ ಗೊತ್ತಾಯ್ತದೆ."

ಶೂ ಬಿಚ್ಚಿ ಲೇಸು ಕಟ್ಟಿ ಕೊರಳಿಗೆ ನೇತುಹಾಕಿಕೊಂಡೆ. ಆ ಮಳೆಗಾಲವೆಲ್ಲ ಅವು ನನ್ನ ಕೊರಳಲ್ಲೇ ಬೆಟ್ಟ ಸುತ್ತಿದವು.

ಮಾಕಳಿ ಬಳ್ಳಿಯನ್ನು ಅವತ್ತೇ ತೋರಿಸಿದರು. ಬಂಡೆಯ ಸೀಳಿನಿಂದ ಹೊರಟು ಪಕ್ಕದ ಗಿಡಕ್ಕೆ ಸುತ್ತಿಕೊಂಡಿತ್ತು. ಕಾಯಿ ಒಡೆದು ಅರಳೆಯಂಥ ಬೀಜ ಗಾಳಿಗೆ ಹಾರುವವರೆಗೂ ಆ ಬಳ್ಳಿಯ ಬುಡಕ್ಕೆ ಹಾರೆ ಮುಟ್ಟಿಸುವಂತಿಲ್ಲ. ಕಿತ್ತರೂ ಅರ್ಧ ಬೇರನ್ನು ಬಳ್ಳಿಗೇ ಬಿಟ್ಟು ಮಣ್ಣು ಮುಚ್ಚಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲದ ಕಾಯ್ದೆ, ಆದರೆ ಕಾಲೋನಿಯಲ್ಲಿ ಯಾರೂ ಮುರಿದದ್ದಿಲ್ಲ. ಈಚೆಗೆ ಆ ಬೀಜವೂ ಹೊತ್ತಿಗೆ ಸರಿಯಾಗಿ ಹಾರುತ್ತಿಲ್ಲ ಅಂದರು. ಯುಗಾದಿ ಕಳೆದ ಮೇಲೆ ಕಡಿದಾದ ಬಂಡೆಗೆ ಬರುತ್ತಿದ್ದ ಹೆಜ್ಜೇನು ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ಬಿಸಿಲಿಗೆ ಜೇನುಹುಟ್ಟು ಕರಗಿ ಬಿದ್ದದ್ದನ್ನು ಅವರು ಮೊದಲ ಸಲ ನೋಡಿದ್ದು ಈ ಮುದಿ ವಯಸ್ಸಿನಲ್ಲಿ. ನಾನು ಹವಾಮಾನ ಬದಲಾವಣೆ ಅಂತ ಏನೋ ವಿವರಿಸಲು ಹೋದೆ. ಅವರು ಅದನ್ನು ಮೂರು ಮಾತಿನಲ್ಲಿ ಮುಗಿಸಿದರು. ಮಳೆ ಮಾತು ತಪ್ಪೈತೆ ಅಂದರು.

ನಕ್ಷೆ ಮಾಡುವ ಕೆಲಸ ಶುರುವಾಯಿತು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆವು. ನಿಂತ ಜಾಗದಲ್ಲಿ ಒತ್ತಿದರೆ ಚುಕ್ಕಿ ಬೀಳುತ್ತದೆ, ನಡೆದರೆ ಗೆರೆ ಬೀಳುತ್ತದೆ. ರತ್ನ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನಪಾಸಾದವಳು, ಎರಡು ದಿನದಲ್ಲಿ ಅದನ್ನು ನನಗಿಂತ ಚೆನ್ನಾಗಿ ಕಲಿತಳು. ವಾರಕ್ಕೆ ಮೂರು ದಿನ ಹತ್ತುತ್ತಿದ್ದೆವು. ಅತ್ತೆ ಮುಂದೆ, ಸೊಸೆ ಫೋನು ಹಿಡಿದು ಹಿಂದೆ, ನೋಟ್‌ಬುಕ್ಕು ಹಿಡಿದು ನಾನು ಕೊನೆಯಲ್ಲಿ. ಆ್ಯಪ್ ಪ್ರತಿ ಚುಕ್ಕಿಗೂ ಹೆಸರು ಕೇಳುತ್ತಿತ್ತು. ನನ್ನ ಕಣ್ಣಿಗೆ ಬರೀ ಕಲ್ಲು, ಪೊದೆ. ಮುನಿತಾಯಮ್ಮಜ್ಜಿಯ ಬಾಯಲ್ಲಿ ಅವಕ್ಕೆಲ್ಲ ಹೆಸರು. ತೊಟ್ಟಿಲುಬಂಡೆ. ಕರಡಿ ಕೂತ ಹಾಸು. ಮೂರು ಹೆಂಗಸರ ದೊಣೆ, ಅಂದರೆ ಬೇಸಿಗೆಯಲ್ಲೂ ನೀರು ನಿಲ್ಲುವ ಬಂಡೆಯ ಗುಳಿ. ಒಂದು ಹಾಸುಬಂಡೆಯ ಮೇಲೆ ಸಾಲಾಗಿ ಒಂಬತ್ತು ಗುಳಿಗಳಿದ್ದವು. ಒನಕೆಯಿಂದ ರಾಗಿ ಕುಟ್ಟಿ ಕುಟ್ಟಿ ಆದ ಗುಳಿಗಳು. ಒಂದರೊಳಗೆ ಕೈ ಇಟ್ಟೆ, ಮೊಣಕೈವರೆಗೆ ಇಳಿಯಿತು, ಒಳಗೆ ಗಾಜಿನಷ್ಟು ನುಣುಪು. ಎಷ್ಟು ತಲೆಮಾರು ಕುಟ್ಟಿದರೆ ಕಲ್ಲು ಹೀಗಾಗುತ್ತದೆ ಅಂತ ಯೋಚಿಸಿ ನನಗೆ ಮೈ ಜುಮ್ಮೆಂದಿತು. ಸಾಕ್ಷ್ಯ ಸಾಲದು ಅಂತ ಬರೆದವರನ್ನು ಇಲ್ಲಿಗೆ ಕರೆತಂದು ಕೈ ಇಡಿಸಬೇಕು ಅಂದೆ. ರತ್ನ ನಕ್ಕಳು.

ಇನ್ನೊಂದು ದಿನ ಎರಡು ಬಂಡೆಗಳ ನಡುವಿನ ಒಂದು ಗವಿಯ ಬಾಯಲ್ಲಿ ಅಜ್ಜಿ ನಿಂತರು. ಇದಕ್ಕೇನು ಹೆಸರು ಬರೆಯಲಿ ಅಂದೆ. ಹೆರಿಗೆಗವಿ ಅಂತ ಬರಿ, ನಾನು ಹುಟ್ಟಿದ್ದು ಇಲ್ಲೇ ಅಂದರು. ರತ್ನ ಅತ್ತೆಯ ಮುಖವನ್ನೇ ನೋಡುತ್ತಾ ನಿಂತಳು. ಹತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅವಳಿಗೂ ಅದು ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಹೇಳಿರಲಿಲ್ಲ. ಆಮೇಲೆ ಅಲ್ಲೇ ನಿಂತು ಚುಕ್ಕಿ ಒತ್ತಿದಳು.

ನಮ್ಮ ಹಿಂದೆ ಅಷ್ಟು ದೂರದಲ್ಲಿ ಇನ್ನೊಬ್ಬರೂ ನಡೆಯುತ್ತಿದ್ದರು. ಗಂಗರಾಜು ಅಂತ, ಫಾರೆಸ್ಟ್ ಗಾರ್ಡು. ತ್ಯಾಮಗೊಂಡ್ಲು ಕಡೆಯ ರೈತರ ಮನೆಯವರು, ನಿವೃತ್ತಿಗೆ ಹತ್ತಿರವಿದ್ದರು. ನಾವು ಏನು ಮಾಡುತ್ತೇವೆ ಅಂತ ನೋಡಿಕೊಳ್ಳಲು ಅವರಿಗೆ ಮೇಲಿನಿಂದ ಹೇಳಿದ್ದರಂತೆ. ಮೊದಲ ವಾರ ಮಾತಿಲ್ಲ. ಎರಡನೇ ವಾರ ಜೋರು ಮಳೆಗೆ ನಾಲ್ವರೂ ಒಂದೇ ಬಂಡೆಯಡಿ ಸೇರಿಕೊಳ್ಳಬೇಕಾಯಿತು. ಅಜ್ಜಿ ತಮ್ಮ ಬುತ್ತಿಯ ಮುದ್ದೆ ಮುರಿದು ಅವರಿಗೂ ಕೊಟ್ಟರು. ತಿನ್ನುತ್ತಾ ಅವರು, ಬೇಸಿಗೆಯಲ್ಲಿ ಈ ಗುಟ್ಟೆಗೆ ಬೆಂಕಿ ಬಿದ್ದಾಗಲೆಲ್ಲ ಸೊಪ್ಪು ಹಿಡಿದು ಬಡಿದು ಆರಿಸಿದ್ದು ಈ ಕಾಲೋನಿಯವರೇ, ನಾನೊಬ್ಬನೇ ಏನು ಮಾಡಲಾಗುತ್ತಿತ್ತು ಅಂದರು. ಆಮೇಲೆ ಎದುರಿನ ಕಡಿದಾದ ಬಂಡೆಯ ಕಡೆ ಗಲ್ಲ ಎತ್ತಿ, ಅಲ್ಲಿ ಮೇಲಿನವರೆಗೂ ಏನಿದೆ ಅಂತ ಬಿಸಿಲಿದ್ದಾಗ ಒಂದು ಸಲ ನೋಡಿ ಅಂದರು. ಮಾರನೇ ದಿನ ನೋಡಿದೆವು. ಬಂಡೆಯ ಸೀಳುಗಳಲ್ಲಿ ಕೆಳಗಿನಿಂದ ತುದಿಯವರೆಗೆ ಮರದ ಗೂಟಗಳು. ಜೇನು ಕೀಳಲು ಹತ್ತುವವರು ಹೊಡೆದದ್ದು. ಕೆಳಗಿನವು ಹೊಸವು, ಮೇಲಿನವು ಹಳೆಯವಾಗಿ ಕಲ್ಲಿನ ಬಣ್ಣಕ್ಕೇ ತಿರುಗಿದ್ದವು. ಅಜ್ಜಿ ಅವನ್ನು ದಿನಾ ನೋಡುವವರು, ಹೇಳಬೇಕು ಅಂತಲೇ ಅವರಿಗೆ ಅನಿಸಿರಲಿಲ್ಲ.

ಮನೆಯಲ್ಲಿ ನನ್ನ ಬಾಯಿಗೆ ಬಿಡುವಿರಲಿಲ್ಲ. ಅಮ್ಮಿ ನನ್ನ ಕಪ್ಪಗಾದ ಕಾಲು ನೋಡಿ ಗೊಣಗುತ್ತಿದ್ದಳು, ಅಬ್ಬಾ ಮಗ್ಗ ನಿಲ್ಲಿಸಿ ಕೇಳುತ್ತಿದ್ದ. ಒಂದು ಸಂಜೆ, ಎಲ್ಲ ಆಯಿತು, ಅರ್ಜಿ ಹಾಕದ ಒಬ್ಬ ಹಿರಿಯರ ಹೇಳಿಕೆ ಮಾತ್ರ ಸಿಗುತ್ತಿಲ್ಲ ಅಂದೆ. ಸುತ್ತಲಿನ ಊರುಗಳಲ್ಲಿ ಕೇಳಿ ನೋಡಿದ್ದೆವು. ಕೆಲವರಿಗೆ ನೆನಪಿಲ್ಲ, ನೆನಪಿದ್ದವರಿಗೆ ನಮಗ್ಯಾಕೆ ಊರ ಉಸಾಬರಿ ಅನ್ನುವ ಅಳುಕು. ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ ದಾದಿ, ನನ್ನ ಅಬ್ಬಾನ ತಾಯಿ, ತಲೆ ಎತ್ತಿದಳು. ಎಂಬತ್ತೈದು ದಾಟಿದ ಜೀವ, ಕಣ್ಣು ಮಂಜು, ನೆನಪು ಮಾತ್ರ ಚೂರಿ. ಯಾವ ಗುಟ್ಟೆ, ಅಂಟುವಾಳದ ಜನ ಇದ್ದರಲ್ಲ ಆ ಗುಟ್ಟೆಯಾ ಅಂದಳು.

ನಾನು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ದಾದಿ ಮದುವೆಯಾಗಿ ಈ ಊರಿಗೆ ಬಂದಾಗ ಮನೆಯಲ್ಲಿ ಕೈಮಗ್ಗ. ರೇಷ್ಮೆ ನೂಲು ತೊಳೆಯಲು ಅಂಟುವಾಳದ ಕಾಯಿ ಬೇಕು. ಅವಳ ಅತ್ತೆ ಎತ್ತಿನ ಗಾಡಿಯಲ್ಲಿ ಸೊಸೆಯನ್ನೂ ಕೂರಿಸಿಕೊಂಡು ಗುಟ್ಟೆಗೆ ಹೋಗುತ್ತಿದ್ದಳಂತೆ. ಗಾಡಿ ಬುಡದಲ್ಲಿ ನಿಲ್ಲಿಸಿ ಮೇಲೆ ಹತ್ತಬೇಕು. ಹಾಸುಬಂಡೆಯ ಮೇಲೆ ಹೆಂಗಸರು ರಾಗಿ ಕುಟ್ಟುತ್ತಿದ್ದರು, ಪಕ್ಕದಲ್ಲಿ ಕಾಯಿ ಒಣಗಲು ಹರಡಿದ್ದರು. ಹೊಸ ಮದುಮಗಳು ಅಂತ ದಾದಿಯ ಬಾಯಿಗೆ ಒಬ್ಬಳು ಜೇನುಹುಟ್ಟಿನ ಚೂರು ಇಟ್ಟಳಂತೆ. ಆ ಹೆಂಗಸಿನ ಸೊಂಟದಲ್ಲಿ ಒಂದು ಕೂಸಿತ್ತಂತೆ. ನಾನು ಹಾಸುಬಂಡೆಯ ಮೇಲೆ ಎಷ್ಟು ಗುಳಿ ಇದ್ದವು ಅಂತ ಕೇಳಲಿಲ್ಲ. ದಾದಿಯೇ, ಒಂಬತ್ತು ಜನ ಸಾಲಾಗಿ ಕುಟ್ಟುತ್ತಿದ್ದರು ಅಂದಳು. ನಾನು ಎದ್ದು ಆ ಮುದುಕಿಯನ್ನು ಬಾಚಿ ತಬ್ಬಿಕೊಂಡೆ. ಬೆಳ್ಳುಳ್ಳಿಯೆಲ್ಲ ಚೆಲ್ಲಿತು.

ಜುಲೈ ನಡುವೆ, ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಹತ್ತು ಗಂಟೆಗೆ ರತ್ನಳ ಫೋನು. ಜೆಸಿಬಿ ಬಂದೈತೆ ಅಂದಳು, ಅಷ್ಟೇ. ಪಿಡಿಒ ಮೇಡಂ ತಮ್ಮ ಸ್ಕೂಟಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಹೊರಟರು. ನಾವು ಮುಟ್ಟುವ ಹೊತ್ತಿಗೆ ಪಡುವಣ ಇಳಿಜಾರಿನಲ್ಲಿ ಮೂರು ಮನೆಯ ಉದ್ದಕ್ಕೆ ಕಂದಕ ತೋಡಿ ಆಗಿತ್ತು. ಸುಣ್ಣದ ಗೆರೆಯ ಮೇಲೆ ಕಾಲೋನಿಯ ಹೆಂಗಸರು ಸಾಲಾಗಿ ಕೂತಿದ್ದರು. ಕೂಗಾಟವಿಲ್ಲ. ಕಂದಕದ ಅಂಚಿನಲ್ಲಿ ಮಣ್ಣುಮಾಡಿದ ಜಾಗಗಳಿದ್ದವು, ತಲೆಯ ಕಡೆ ನೆಟ್ಟ ಒಂದೊಂದು ಕಲ್ಲು. ಅದರಲ್ಲಿ ಒಂದು ಯಂತ್ರದ ಬಾಯಿ ತಾಗಿ ಉರುಳಿತ್ತು. ಮುನಿತಾಯಮ್ಮ ಅದರ ಪಕ್ಕ ಕೂತಿದ್ದರು. ಅದು ಅವರ ಗಂಡನದು ಅಂತ ರತ್ನ ಮೆಲ್ಲಗೆ ಹೇಳಿದಳು.

ಗುತ್ತಿಗೆದಾರ ತನಗೆ ಆರ್ಡರ್ ಇದೆ ಅನ್ನುತ್ತಿದ್ದ. ಮೇಡಂ ಕಾಗದ ಕೇಳಿದರು. ಅವನ ಹತ್ತಿರ ಇದ್ದದ್ದು ಫೋನಿನಲ್ಲಿ ಬಂದ ಒಂದು ಮೆಸೇಜು. ನಾನು ಚೀಲದಿಂದ ಪುಸ್ತಕ ತೆಗೆದೆ. ನನ್ನ ಗಂಟಲು ಮಗ್ಗದ ಮನೆಯದು. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಕಾಡಿನ ಜನರನ್ನು ಅವರ ಜಾಗದಿಂದ ತೆಗೆಯುವಂತಿಲ್ಲ ಅನ್ನುವ ಕಲಮನ್ನು ಗಾಳಿಗೂ ಇಂಜಿನ್ನಿಗೂ ಮೇಲೆ ಕೇಳುವ ಹಾಗೆ ಓದಿದೆ. ಒಂದು ಸಲ ಓದಿದ ಮೇಲೆ ರತ್ನ ಇನ್ನೊಂದು ಸಲ ಅಂದಳು, ಮತ್ತೆ ಓದಿದೆ. ಅಷ್ಟರಲ್ಲಿ ಗಂಗರಾಜು ಬೆಟ್ಟದ ಕಡೆಯಿಂದ ಇಳಿದು ಬಂದರು. ಟೋಪಿ ಸರಿಮಾಡಿಕೊಂಡು ಸೀದಾ ಜೆಸಿಬಿ ಮುಂದೆ ನಿಂತು, ಇದು ನನ್ನ ಬೀಟು, ಬರಹದಲ್ಲಿ ಅನುಮತಿ ಇಲ್ಲದೆ ಇಲ್ಲಿ ಒಂದು ಬುಟ್ಟಿ ಮಣ್ಣೂ ತೆಗೆಯುವಂತಿಲ್ಲ, ಇಳಿಸಿ ಗಾಡಿಯನ್ನು ಅಂದರು. ಅವರು ಯಾರ ಪಕ್ಷ ಅಂತ ಅವತ್ತಿನವರೆಗೂ ನನಗೆ ಖಾತ್ರಿ ಇರಲಿಲ್ಲ. ಜೆಸಿಬಿ ಹಿಮ್ಮುಖವಾಗಿ ಇಳಿಯಿತು. ಹೆಂಗಸರು ಚಪ್ಪಾಳೆ ತಟ್ಟಲಿಲ್ಲ. ಮುನಿತಾಯಮ್ಮ ಎದ್ದು ಉರುಳಿದ ಕಲ್ಲನ್ನು ನೆಟ್ಟಗೆ ನಿಲ್ಲಿಸಲು ತೊಡಗಿದರು. ನಾವು ಕೈ ಹಾಕಲು ಹೋದರೆ ಬೇಡ ಅಂದರು. ಒಬ್ಬರೇ ಅದನ್ನು ಎತ್ತಿ, ಬುಡಕ್ಕೆ ಮಣ್ಣು ತುಳಿದು, ಸೆರಗಿನಿಂದ ಒರೆಸಿದರು.

ಅದಾದ ಮೇಲೆ ಕಾಲೋನಿಯಲ್ಲಿ ಯಾರಿಗೂ ಕಾಲು ನಿಲ್ಲಲಿಲ್ಲ. ಗ್ರಾಮಸಭೆಗೆ ದಿನ ಗೊತ್ತಾಯಿತು, ಒಂದು ಭಾನುವಾರ ಸಂಜೆ ನಾಲ್ಕಕ್ಕೆ. ವಯಸ್ಸಿಗೆ ಬಂದವರಲ್ಲಿ ಅರ್ಧದಷ್ಟು ಜನ ಸೇರಲೇಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಅದೇ ದೊಡ್ಡ ಚಿಂತೆ. ಕೆಲವು ಕುಟುಂಬಗಳು ಇಟ್ಟಿಗೆ ಗೂಡಿನ ಕೆಲಸಕ್ಕೆ ದೂರ ಹೋಗಿದ್ದವು. ಹರೆಯದ ಹೆಂಗಸರಲ್ಲಿ ಬಹಳ ಜನ ಗುಲಾಬಿ ಬೆಳೆಯುವ ಪಾಲಿಹೌಸುಗಳಲ್ಲಿದ್ದರು, ಅವರಿಗೆ ಭಾನುವಾರವೂ ರಜೆಯಿಲ್ಲ.

ನಾಲ್ಕಾಯಿತು, ನಾಲ್ಕೂವರೆ ಆಯಿತು. ಹುಣಸೆಮರದ ಕೆಳಗೆ ಚಾಪೆ ಹಾಸಿತ್ತು. ಹಾಜರಿ ಪುಸ್ತಕದಲ್ಲಿ ಎಣಿಸಿದರೆ ಆರು ಜನ ಕಡಿಮೆ. ಸಭೆಗೆ ವಿಷಯ ತಿಳಿಸಲು ಕಂಪನಿಯ ಕಡೆಯಿಂದ ಒಬ್ಬರು ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿಯ ಸಭ್ಯ ಮನುಷ್ಯ. ಅವರು ಗಡಿಯಾರ ನೋಡಿಕೊಂಡು, ಜನ ಸೇರದಿದ್ದರೆ ಸಭೆ ಇಲ್ಲ ಅಂತ ತಾನೇ ನಿಯಮ ಅಂದರು. ಹೌದು ಅಂತ ಮೇಡಂ ಒಪ್ಪಿಕೊಳ್ಳಬೇಕಾಯಿತು. ಐದಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ತಿರುವಿನಲ್ಲಿ ಒಂದು ಟೆಂಪೋ ಕಾಣಿಸಿತು. ಹಿಂದುಗಡೆ ನಿಂತುಕೊಂಡೇ ಹೆಂಗಸರು ಬರುತ್ತಿದ್ದರು, ತಲೆಗೆ ಕಟ್ಟಿದ ಟವೆಲನ್ನೂ ಬಿಚ್ಚಿರಲಿಲ್ಲ. ಸೂಪರ್‌ವೈಸರ್ ಕೈಯಲ್ಲಿ ಜಗಳ ಆಡಿ ಒಂದು ಗಂಟೆ ಮುಂಚೆ ಬಿಡಿಸಿಕೊಂಡು ಬಂದಿದ್ದರು. ಹದಿನಾಲ್ಕು ಜನ. ಅವರು ಒಬ್ಬೊಬ್ಬರಾಗಿ ಬಂದು ಸಹಿ ಹಾಕುವಾಗ, ಹೆಬ್ಬೆಟ್ಟು ಒತ್ತುವಾಗ, ಮುಳ್ಳು ತರಚಿದ ಆ ಕೈಗಳನ್ನು ನೋಡುತ್ತಾ ನಾನು ಎಣಿಕೆ ತಪ್ಪಿದೆ, ಮತ್ತೆ ಮೊದಲಿನಿಂದ ಎಣಿಸಿದೆ. ಸಭೆ ಆಯಿತು.

ಕಂಪನಿಯವರು ಮೊದಲು ಮಾತಾಡಿದರು. ಭೂಮಿ ಬಿಸಿಯಾಗುತ್ತಿದೆ, ಇಲ್ಲಿ ನೆಡುವ ಸಾವಿರಾರು ಗಿಡಗಳು ನಗರದ ಹೊಗೆಯನ್ನು ಹೀರಿಕೊಳ್ಳುತ್ತವೆ, ಇದು ಇಡೀ ಪ್ರಪಂಚಕ್ಕೆ ಒಳ್ಳೆಯದು ಅಂದರು. ಸುಳ್ಳೇನೂ ಹೇಳಲಿಲ್ಲ ಅವರು. ಯಾವ ಗಿಡ ಅಂತ ರತ್ನ ಕೇಳಿದಳು. ಬೇಗ ಬೆಳೆಯುವ ಒಂದೇ ಜಾತಿಯ ಗಿಡ ಅಂದರು. ಆಗ ಮುನಿತಾಯಮ್ಮ ಕೂತಲ್ಲಿಂದಲೇ ಮಾತಾಡಿದರು.

"ಸ್ವಾಮಿ, ನಮ್ಮ ಕಾಲೋನೀಲಿ ಒಂದು ಕಾರಿಲ್ಲ. ಹೊಗೆ ಬಿಟ್ಟೋರು ನೀವು, ಬೆಟ್ಟ ಬಿಡ್ಬೇಕಾದೋರು ನಾವಾ? ಗಿಡ ಬೇಕಾದ್ರೆ ನಾವೇ ಬೆಳೆಸ್ತೀವಿ, ಯಾವ್ದು ಎಲ್ಲಿ ಬತ್ತದೆ ಅಂತ ನಮಗೆ ಗೊತ್ತು. ನಮ್ಮನ್ನ ಹೊರಗಿಟ್ಟು ಬೆಳೆಸೋದು ಬ್ಯಾಡ."

ಕಂಪನಿಯವರು ತಮ್ಮ ಫೈಲಿನಲ್ಲಿ ಏನೋ ಬರೆದುಕೊಂಡರು.

ಆಮೇಲೆ ದಾದಿಯ ಸರದಿ. ಅಬ್ಬಾ ಅವಳನ್ನು ಆಟೋದಲ್ಲಿ ಕರೆತಂದಿದ್ದ. ಕುರ್ಚಿ ಕೊಟ್ಟರೆ ಬೇಡ ಅಂದಳು, ಚಾಪೆಯ ಮೇಲೆ ಹೆಂಗಸರ ನಡುವೆ ಕೂತು ತನ್ನ ಸಾಬರ ಕನ್ನಡದಲ್ಲಿ ಎಲ್ಲವನ್ನೂ ಹೇಳಿದಳು. ನಾನು ಬರೆದುಕೊಂಡೆ. ಗಾಡಿ ನಿಲ್ಲಿಸುತ್ತಿದ್ದ ಜಾಗ, ಹಾಸುಬಂಡೆ, ಕಾಯಿ ಒಣಗಿಸುತ್ತಿದ್ದ ಕಡೆ, ಜೇನು ತಿನ್ನಿಸಿದ ಹೆಂಗಸು. ಅವಳ ಹೆಸರೇನು ಅಂತ ಮೇಡಂ ಕೇಳಿದರು. ದಾದಿ ಮಂಜುಗಣ್ಣು ಮುಚ್ಚಿದಳು. ಗಿಡ್ಡಮ್ಮ ಅಂದಳು.

ಮುನಿತಾಯಮ್ಮ ಎದ್ದು ಬಂದು ದಾದಿಯ ಎದುರು ಕೂತರು. ಗಿಡ್ಡಮ್ಮ ಅವರ ತಾಯಿ.

"ಸೊಂಟದಲ್ಲಿ ಇದ್ದ ಕೂಸು ನಾನೇ ಕಣಮ್ಮ," ಅಂದರು.

ದಾದಿ ಕೈ ಚಾಚಿ ಅವರ ಮುಖವನ್ನು ಸವರಿದಳು. ನಾನು ಬರೆದ ಹೇಳಿಕೆಯ ಕಾಗದದ ಮೇಲೆ ಒಂದು ಹನಿ ಬಿದ್ದು ಅಕ್ಷರ ಹರಡಿತು, ಆ ಪುಟವನ್ನು ಮತ್ತೆ ಬರೆಯಬೇಕಾಯಿತು. ಠರಾವಿಗೆ ಎಲ್ಲರೂ ಕೈ ಎತ್ತಿದರು.

ಸೆಪ್ಟೆಂಬರಿನಲ್ಲಿ ಅಧಿಕಾರಿಗಳು ಜಾಗ ಪರಿಶೀಲನೆಗೆ ಬಂದರು. ನಕ್ಷೆಯ ಗಡಿ ಸರಿಯಿದೆಯೇ ಅಂತ ನಡೆದು ನೋಡಬೇಕು ಅಂದರು. ಮುನಿತಾಯಮ್ಮ ಮುಂದೆ ನಡೆದರು, ಅಧಿಕಾರಿಗಳ ಸರ್ವೆಯವರು ಯಂತ್ರ ಹಿಡಿದು ಹಿಂದೆ. ಅಜ್ಜಿ ನಕ್ಷೆ ನೋಡಲಿಲ್ಲ, ಅವರಿಗೆ ಓದಲು ಬರುತ್ತಿರಲಿಲ್ಲ. ಒಂದು ಕಡೆ ಅತ್ತಿ ಮರ, ಒಂದು ಕಡೆ ಹಳ್ಳದ ತಿರುವು, ಇನ್ನೊಂದು ಕಡೆ ಕಲ್ಲಿನ ಬಣ್ಣ ಬದಲಾಗುವ ಜಾಗ, ಹೀಗೆ ಹಿಡಿದು ಸುತ್ತಿ ಬಂದರು. ಕೊನೆಯಲ್ಲಿ ನಮ್ಮ ನಕ್ಷೆಯ ಗೆರೆಯನ್ನೂ ಯಂತ್ರದ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದ ಹಿರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎಲ್ಲೋ ಒಂದೆರಡು ಮಾರು ವ್ಯತ್ಯಾಸ, ಅಷ್ಟೇ. ಆಮೇಲೆ ನಾನು ಅವರನ್ನು ಹಾಸುಬಂಡೆಗೆ ಕರೆದುಕೊಂಡು ಹೋಗಿ ಒಂದು ಗುಳಿಯೊಳಗೆ ಕೈ ಇಟ್ಟು ನೋಡಿ ಸರ್ ಅಂದೆ. ಇಟ್ಟರು. ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಆ ವರ್ಷದ ಕೊನೆಗೆ ನನ್ನ ಗುತ್ತಿಗೆ ಮುಗಿಯಿತು, ಹೊಸಕೋಟೆ ತಾಲ್ಲೂಕಿನಲ್ಲಿ ಬೇರೆ ಕೆಲಸ ಸಿಕ್ಕಿತು. ದಾದಿ ಮರುವರ್ಷ ತೀರಿಕೊಂಡಳು. ಮಣ್ಣಿಗೆ ಕಾಲೋನಿಯಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ ಒಂದೂವರೆ ವರ್ಷ ತೆಗೆದುಕೊಂಡಿತು. ಕೇಳಿದಷ್ಟೂ ಸಿಗಲಿಲ್ಲ. ಮೂರು ಹೆಂಗಸರ ದೊಣೆಯ ಕಡೆಯ ಭಾಗವನ್ನು ಬೇರೆ ಸರ್ವೆ ನಂಬರು ಅಂತ ಬಿಟ್ಟರು. ಅದಕ್ಕೆ ರತ್ನ ಮೇಲ್ಮನವಿ ಹಾಕಿದ್ದಾಳೆ, ಈ ಸಲ ಬರೆದದ್ದು ಅವಳೇ. ಆದರೆ ಪಡುವಣ ಇಳಿಜಾರು, ಗೂಟಗಳಿದ್ದ ಜೇನುಬಂಡೆ, ಹೆರಿಗೆಗವಿ, ಮಣ್ಣುಮಾಡುವ ಜಾಗ ಎಲ್ಲವೂ ಕಾಲೋನಿಯ ಸಾಮೂಹಿಕ ಹಕ್ಕಿನೊಳಗೆ ಬಂದವು. ಅದನ್ನು ಕಾಯುವ, ಬೆಳೆಸುವ, ಯಾರು ಏನು ತೆಗೆಯಬೇಕು ಅಂತ ತೀರ್ಮಾನಿಸುವ ಅಧಿಕಾರ ಅವರ ಗ್ರಾಮಸಭೆಯದ್ದು. ಹಕ್ಕುಪತ್ರ ತೆಗೆದುಕೊಳ್ಳುವ ದಿನ ನನಗೆ ರಜೆ ಸಿಗಲಿಲ್ಲ. ರತ್ನ ವಿಡಿಯೋ ಕಾಲ್ ಮಾಡಿ ತೋರಿಸಿದಳು. ಅತ್ತೆ ಪತ್ರವನ್ನು ತಲೆಕೆಳಗಾಗಿ ಹಿಡಿದುಕೊಂಡು ಗಂಭೀರವಾಗಿ ನಿಂತಿದ್ದರು, ಯಾರೂ ತಿದ್ದಲಿಲ್ಲ.

ಹೋದ ಆಗಸ್ಟಿನಲ್ಲಿ ಯಾರಿಗೂ ಹೇಳದೆ ಹೋಗೋಣ ಅನಿಸಿ ಹೊರಟೆ. ಬಸ್ಸಿಳಿದು ನಡೆದೆ. ಕಾಲೋನಿಯ ಕಡೆ ತಿರುಗದೆ, ಹಳೇ ಅಭ್ಯಾಸದಂತೆ ನೇರವಾಗಿ ಗುಟ್ಟೆಯ ಕಾಲುದಾರಿ ಹಿಡಿದೆ. ದಾರಿ ಶುರುವಾಗುವಲ್ಲಿ ಎರಡು ಕಲ್ಲುಕಂಬಕ್ಕೆ ಒಂದು ಬಿದಿರು ಅಡ್ಡ ಕಟ್ಟಿದ್ದರು. ಪಕ್ಕದಲ್ಲಿ ಕೊಡೆ ಹಿಡಿದು ಒಬ್ಬ ಹೆಂಗಸು ಕೂತಿದ್ದಳು, ನಲವತ್ತರ ಸುಮಾರು. ನನಗೆ ಅವಳ ಪರಿಚಯವಿರಲಿಲ್ಲ, ಅವಳಿಗೆ ನನ್ನದೂ ಇರಲಿಲ್ಲ. ನಾವು ನಕ್ಷೆ ಮಾಡಿದ ವರ್ಷ ಅವಳು ಗಂಡ ಮಕ್ಕಳ ಜೊತೆ ಇಟ್ಟಿಗೆ ಗೂಡಿನಲ್ಲಿದ್ದಳಂತೆ, ಹಕ್ಕು ಬಂದ ಮೇಲೆ ಊರಿಗೆ ವಾಪಸಾದವಳು. ಎಲ್ಲಿಗಮ್ಮ ಅಂದಳು. ಮೇಲಕ್ಕೆ ಅಂದೆ. ಹಾಗೆಲ್ಲ ಹೋಗುವಂತಿಲ್ಲ, ಇದು ನಮ್ಮ ಗ್ರಾಮಸಭೆಯ ಕಾಡು, ಬರೆದು ಹೋಗಬೇಕು ಅಂತ ಒಂದು ಪುಸ್ತಕ ಮುಂದೆ ಚಾಚಿದಳು. ಪುಟದಲ್ಲಿ ಸ್ಕೇಲಿಟ್ಟು ಗೆರೆ ಎಳೆದಿತ್ತು. ಹೆಸರು, ಊರು, ಬಂದ ಕಾರಣ.

ಈ ಬೆಟ್ಟದ ಒಂದೊಂದು ಕಲ್ಲಿನ ಹೆಸರೂ ನಾನೇ ಟೈಪು ಮಾಡಿದ್ದು ಅಂತ ಹೇಳಬಹುದಿತ್ತು. ರತ್ನಳ ಹೆಸರು ಹೇಳಿದರೂ ಸಾಕಿತ್ತು. ಹೇಳಲಿಲ್ಲ. ಎದೆ ತುಂಬಿ ಬಂದಿತ್ತು. ಹೆಸರು ಬರೆದೆ, ಊರು ಬರೆದೆ. ಕಾರಣದ ಜಾಗದಲ್ಲಿ ಏನು ಬರೆಯುವುದು ಅಂತ ತೋಚದೆ ನಿಂತೆ.

"ಬೇಗ ಬರೀರಮ್ಮ, ಮಳೆ ಬರಂಗೈತೆ," ಅಂದಳು.

ನೋಡೋಕೆ ಅಂತ ಬರೆದೆ. ಅವಳು ಪುಸ್ತಕ ತಿರುಗಿಸಿಕೊಂಡು ಅಕ್ಷರ ಕೂಡಿಸಿ ಓದಿದಳು. ಏನು ನೋಡೋಕೆ ಅಂದಳು. ನಿಮ್ಮ ಬೆಟ್ಟಾನ ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಎದ್ದು ಬಿದಿರನ್ನು ಪಕ್ಕಕ್ಕೆ ಸರಿಸಿದಳು.

"ಸರಿ, ಹೋಗಿ. ಐದು ಗಂಟೆ ಒಳಗೆ ಇಳಿದುಬಿಡಬೇಕು."